ಇಲಿಯಾಟದ ಪೆಟ್ಟಿಗೆಗೆ ಹೊಸ ಬಣ್ಣ

ಗೋವೆಯ ಕುಡಚಡೆಯಲ್ಲಿ, ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಲೋಕಪ್ಪನ ಮನೆ ಯಾವುದೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಇಲಿಯಾಟದ ಮನೆ ಎಂದರೆ ಸಣ್ಣ ಮಕ್ಕಳೂ ಕೈಹಿಡಿದು ತಂದು ಬಿಡುತ್ತವೆ. ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆ, ಮುಖಕ್ಕೆ ಗಾಜಿನ ಪರದೆ, ಅದರ ಕೆಳಗೆ ಕೆಂಪು ಗುಂಡಿನ ಒಂದು ಹಿಡಿಕೆ. ನಾಣ್ಯ ಹಾಕಿದರೆ ಪರದೆಯ ಮೇಲೆ ನೀಲಿ ಗೆರೆಗಳ ಓಣಿಗಳು ಮೂಡುತ್ತವೆ. ಕಾಳು ಹೆಕ್ಕುತ್ತ ಒಂದು ಇಲಿ ಓಡಬೇಕು, ನಾಲ್ಕು ಬೆಕ್ಕುಗಳು ಅಟ್ಟಿಸಿಕೊಂಡು ಬರಬೇಕು. ಅಷ್ಟೇ ಆಟ. ಒಂದು ಕಾಲಕ್ಕೆ ಅದಿರು ಲಾರಿಯ ಡ್ರೈವರುಗಳು ಊಟ ಬಿಟ್ಟು ಇದರ ಮುಂದೆ ನಿಲ್ಲುತ್ತಿದ್ದರು. ಆಟದ ಅಂಗಡಿ ಮುಚ್ಚಿದಾಗ ಮಾಲೀಕ ಪೆಟ್ಟಿಗೆ ಒಡೆದು ಒಲೆಗೆ ಹಾಕಲು ಹೊರಟಿದ್ದ. ಲೋಕಪ್ಪ ಅದನ್ನು ಕೈಗಾಡಿಯಲ್ಲಿ ಮನೆಗೆ ತಂದು ಸಾಕಿಕೊಂಡ. ಪರದೆ ನಡುಗಿದರೆ ಎಲ್ಲಿ ಗುದ್ದಬೇಕು, ಬೆಕ್ಕು ನಿಂತಲ್ಲೇ ನಿಂತರೆ ಯಾವ ತಂತಿ ಬೆಸೆಯಬೇಕು ಎಂಬುದು ಅವನೊಬ್ಬನಿಗೇ ಗೊತ್ತು.

ಲೋಕಪ್ಪ ಬಾಗಲಕೋಟೆ ಕಡೆಯಿಂದ ಬಂದು ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದವನು. ಡಿಚೋಲಿಯವರೆಗೆ ಅವನ ಕೈಗೆ ಹೆಸರಿತ್ತು. ಬಣ್ಣದ ವಾಸನೆ ಎದೆಗೆ ಕೂತು ದಮ್ಮು ಹತ್ತಿದ ಮೇಲೆ, ಡಾಕ್ಟರು ಬ್ರಷ್ಷು ಮುಟ್ಟಬೇಡ ಎಂದರು. ನಾಲ್ಕು ವರ್ಷದಿಂದ ಹೆಂಡತಿ ಸತ್ಯವ್ವ ಕೋಲ್ವಾ ಬೀಚಿನ ಬಿಸಿಲಲ್ಲಿ ಮಣಿಸರ ಮಾರಿ ಮನೆ ನಡೆಸುತ್ತಿದ್ದಳು. ಅವಳು ಒಂದು ಮಾತು ಅಂದವಳಲ್ಲ. ಅನ್ನದಿದ್ದುದಕ್ಕೇ ಇವನಿಗೆ ತುತ್ತು ಗಂಟಲಲ್ಲಿ ಸಿಕ್ಕುತ್ತಿತ್ತು.

ಹಳೆಯ ಆಟದ ಪೆಟ್ಟಿಗೆಗಳನ್ನು ಹುಡುಕಿಕೊಂಡು ಊರೂರು ಅಲೆಯುವ ಹುಚ್ಚಿನವರು ಒಂದಷ್ಟು ಜನ ಇದ್ದಾರೆ. ಅವರಲ್ಲೊಬ್ಬ ಎವರಿಸ್ಟೊ ಸಾಹೇಬ. ಪಣಜಿಯವನು, ಧಾರವಾಡದಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಬಂದವನು ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತುಬಿಟ್ಟ. ಪಕ್ಕದ ಹಲಗೆಯ ಮೇಲೆ ಮಾಸಿದ ಇಲಿಯ ಚಿತ್ರ, ಅಂಚಿನಲ್ಲಿ ಡ್ರೈವರುಗಳು ಬೀಡಿ ಊರಿ ಸುಟ್ಟ ಕಲೆ, ಅಂಗೈ ಉಜ್ಜಿ ಉಜ್ಜಿ ಸವೆದ ಮೂಲೆ, ಎಲ್ಲವನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

"ಕಾಕಾ, ಇಂಥಾದ್ದು ದೇಶದಾಗ ಮತ್ತೊಂದು ಉಳದಿಲ್ಲ. ಮಂದಿ ನೋಡಾಕಂತ ಹಳೇ ಆಟ ಇಟ್ಟ ನನ್ನ ಹಾಲ್‌ನ್ಯಾಗ ಇಡ್ತೀನಿ. ಉಳಿದ ಯಂತ್ರ ರಿಪೇರಿ ಮಾಡಾಕ ಮುಂಬೈದ ಮಂದಿ ಅದಾರ, ಇದರ ಜೋಡಿ ನೀವಽ ಬರ್ರಿ. ಕುಂತು ನೋಡಿಕೊಳ್ಳೂ ಕೆಲಸ, ಪಗಾರ ಕೊಡ್ತೀನಿ. ದಸರಾ ಮುಗದ ಮ್ಯಾಲ ಗಾಡಿ ತರ್ತೀನಿ. ಅಲ್ಲೀತನಕ ಒಳಗ ಕೈ ಹಾಕಬ್ಯಾಡ್ರಿ, ಹ್ಯಾಂಗ ಐತಿ ಹಂಗಽ ಇರಲಿ."

ಲೋಕಪ್ಪನಿಗೆ ಆ ರಾತ್ರಿ ಅನ್ನ ಸಲೀಸಾಗಿ ಇಳಿಯಿತು.

ಆದರೆ ನಡುವೆ ಖಂಡೇನವಮಿ ಬಂತು. ಸ್ಕ್ರೂಡ್ರೈವರಿನಿಂದ ಹಿಡಿದು ಟಿಪ್ಪರ್‌ವರೆಗೆ ಕಬ್ಬಿಣದ್ದೆಲ್ಲ ಮೈ ತೊಳೆದುಕೊಂಡು ಕುಂಕುಮ ಇಟ್ಟುಕೊಳ್ಳುವ ಹಬ್ಬ. ಮೂವತ್ತು ವರ್ಷ ಊರ ಲಾರಿಗಳನ್ನೆಲ್ಲ ಈ ಹಬ್ಬಕ್ಕೆ ಮದುಮಗಳಂತೆ ಸಿಂಗರಿಸಿದವನು, ತನ್ನದನ್ನು ಹೊಲಸು ಮೈಯಲ್ಲಿ ಕಳಿಸುವನೇ? ಅವನು ಉಜ್ಜಲು ಪಾಲೀಶ್ ಪೇಪರ್, ಬಳಿಯಲು ಬಣ್ಣ ತಂದ.

ಸತ್ಯವ್ವ ಬಾಗಿಲಲ್ಲೇ ತಡೆದಳು. "ಏನ್ರಿ, ಸಾಹೇಬ್ರು ಮುಟ್ಟಬ್ಯಾಡ ಅಂದಾರಲ್ಲ?"

"ಒಳಗ ಮುಟ್ಟಬ್ಯಾಡ ಅಂದಾರ. ಹೊರಗ ಮೈ ತೊಳದ್ರ ಬ್ಯಾಡ ಅಂತಾರೇನ? ಮಗಳನ್ನ ಗಂಡನ ಮನಿಗೆ ಕಳಸ್ತೇವಿ, ಮಾರಿ ತೊಳೀದಽ ಕಳಸ್ತೇವೇನು?"

ಸತ್ಯವ್ವ ಬಾಗಿಲು ಬಿಟ್ಟು ಸರಿದಳು. ನಿಜ ಹೇಳಬೇಕೆಂದರೆ ಅವಳಿಗೂ ಹಾಗೇ ಅನಿಸಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೆಮ್ಮುತ್ತ, ಕೂತು ಕೂತು, ಲೋಕಪ್ಪ ಮೂರು ದಿನ ಕೆಲಸ ಮಾಡಿದ. ನವಮಿಯ ಬೆಳಿಗ್ಗೆ ಪೆಟ್ಟಿಗೆ ಕೆಂಪು ಹಳದಿಯಲ್ಲಿ ಫಳಫಳ ಹೊಳೆಯಿತು. ಎರಡೂ ಪಕ್ಕಕ್ಕೆ ಕಮಲ, ನೆತ್ತಿಗೆ ಚೆಂಡುಹೂವಿನ ಮಾಲೆ. ಓಣಿಯ ಮಂದಿ ಬಂದು ನೋಡಿ ಹೋದರು.

ದಸರಾ ಮುಗಿದ ಮೂರನೆಯ ದಿನ ಸಾಹೇಬ ಗಾಡಿ ತಂದ. ಸತ್ಯವ್ವ ಗಂಡನ ಅರಿವೆಯ ಗಂಟನ್ನು ಮೊದಲೇ ಒಯ್ದು ಗಾಡಿಯಲ್ಲಿಟ್ಟಳು. ಸಾಹೇಬ ಹೊಸ್ತಿಲು ದಾಟಿದವನು ಅಲ್ಲೇ ನಿಂತ.

"ಕಾಕಾ," ಎಂದ ಮೆಲ್ಲಗೆ, "ಆ ಇಲಿ ಚಿತ್ರ ಎಲ್ಲಿ? ಆ ಬೀಡಿ ಕಲೆ?"

"ಎಲ್ಲಾ ತಗದು ಸ್ವಚ್ಛ ಮಾಡೇನ್ರಿ."

"ನೋಡಾಕ ಬರೂ ಮಂದಿ ಆ ಹಳೇ ಮೈ ನೋಡಾಕಽ ಬರ್ತಾರ. ಅದಽ ಹೋತಂದ್ರ ನಾ ಇದನ್ನ ಒಯ್ದು ಏನ ಮಾಡ್ಲಿ?"

ಲೋಕಪ್ಪನಿಗೆ ಅರ್ಥವಾಗಲಿಲ್ಲ. ಹಳೆಯದನ್ನು ಹೊಸದು ಮಾಡಿ ಬಯ್ಗುಳ ತಿಂದವರನ್ನು ಅವನು ಕಂಡಿರಲೇ ಇಲ್ಲ.

ಅಷ್ಟರಲ್ಲಿ ಸಾಹೇಬನ ಮುಖದಲ್ಲಿ ಏನೋ ಹೊಳೆಯಿತು. ಹತ್ತಿರ ಬಂದು ಹೊಸ ಬಣ್ಣದ ಅಂಚನ್ನು ಉಗುರಿನಿಂದ ಕೆರೆದ. "ಕಾಕಾ, ಹಳೇ ಬಣ್ಣದ ಮ್ಯಾಲಽ ಬಳದೀರೇನು? ಹಂಗಿದ್ರ ಚಿಂತಿಲ್ಲ. ಮ್ಯಾಲಿಂದಷ್ಟಽ ಎಬ್ಬಸೂ ಮಂದಿ ಅದಾರ, ಒಳಗಿಂದು ಇದ್ದಂಗಽ ಬರ್ತದ. ಹೇಳ್ರಿ, ಮ್ಯಾಲಽ ಬಳದೀರಿ ಹೌದಲ್ಲ?"

ಲೋಕಪ್ಪನ ಕಸುಬಿಗೇ ಕೈ ಹಾಕಿದಂತಾಯಿತು. ಎಂಥ ಸಂಕಟದಲ್ಲೂ ಆ ಮಾತನ್ನು ಅವನು ಸಹಿಸುವವನಲ್ಲ.

"ಛೇ ಛೇ, ಅಂಥಾ ಕಳ್ಳ ಕೆಲಸ ನಾ ಮಾಡಂಗಿಲ್ರಿ ಸಾಹೇಬ್ರ. ಖರೇ ಹೇಳ್ತೀನಿ, ಕಟ್ಟಿಗಿ ಕಾಣೂತನಕ ಉಜ್ಜೇನಿ. ಹಳೇದು ಒಂದು ಚೂರು ಉಳಿಸಿಲ್ಲ. ಆಮ್ಯಾಲ ಪುಟ್ಟಿ, ಆಮ್ಯಾಲ ಪ್ರೈಮರ್, ಆಮ್ಯಾಲ ಎರಡು ಕೈ ಬಣ್ಣ..."

ಎರಡನೆಯ ಕೈಗೆ ಬರುವಷ್ಟರಲ್ಲಿ ಸಾಹೇಬ ಕಣ್ಣು ಮುಚ್ಚಿಕೊಂಡಿದ್ದ. ಆಗ ಲೋಕಪ್ಪನಿಗೆ ಎಲ್ಲ ತಿಳಿಯಿತು.

ಸಾಹೇಬ ಗಾಡಿ ಹತ್ತಿದ. ಲೋಕಪ್ಪ ಕಿಟಕಿಯ ಬಳಿ ಹೋಗಿ, ಕೆಮ್ಮು ನುಂಗಿಕೊಂಡು ಕೇಳಿದ: "ನಾ ಒಬ್ಬನರ ಬರ್ಲೇನ್ರಿ?"

"ಬಂದು ಏನ ಮಾಡ್ತೀರಿ ಕಾಕಾ, ಅಲ್ಲಿ ನಿಮ್ಮ ಯಂತ್ರಽ ಇಲ್ಲಲ್ಲ," ಎಂದ ಸಾಹೇಬ.

ಸತ್ಯವ್ವ ಗಾಡಿಯ ಹಿಂದೆ ಹೋಗಿ ಗಂಟನ್ನು ಇಳಿಸಿಕೊಂಡಳು. ಹೊತ್ತಾಗಿತ್ತು, ಮಣಿಸರದ ಬುಟ್ಟಿ ತಲೆಗಿಟ್ಟುಕೊಂಡು ಕೋಲ್ವಾದ ಬಸ್ಸಿಗೆ ಓಡಿದಳು.