ಐದು ಸುತ್ತಿನ ಭಾವ

ನೀಲಿ ಬನಿಯನ್ನಿನವನೊಬ್ಬ ಪಕ್ಕದಿಂದ ಸರ್ರನೆ ದಾಟಿಹೋದ, ಹೋಗಲಿ ಪಾಪ, ಅವನಿಗೇನು ಗೊತ್ತು, ಈ ಲಿಫ್ಟ್ ಮೇಸ್ತ್ರಿ ಕೆರೆಯ ಸುತ್ತ ಓಡತೊಡಗಿದ ಮೇಲೆ ಬೀಸುವ ಗಾಳಿಯೇ ಒಂದು ದಿನ ಏದುಸಿರು ಬಿಡುತ್ತ ಹಿಂದುಳಿದು, ಅಣ್ಣಾ, ಸ್ವಲ್ಪ ನಿಧಾನ, ಎಂದು ಅಂಗಲಾಚಿತ್ತು — ಹಾಗಂತ ನಿನ್ನೆ ಊಟಕ್ಕೆ ಕೂತಾಗ ಮೇಸ್ತ್ರಿಯೇ ಹೇಳಿದ್ದು, ಹೇಳುತ್ತ ಹೇಳುತ್ತ ತನಗೇ ಅರ್ಧ ನಂಬಿಕೆ ಬಂದಿತ್ತು, ಐದು ಸುತ್ತು ಕಣಯ್ಯಾ, ದಿನಾ, ಬೆವರೂ ಬರಲ್ಲ. ಹೆಂಡತಿ ಬಡಿಸುತ್ತಿದ್ದ ಕೈ ನಿಲ್ಲಿಸಿ ಒಮ್ಮೆ ನೋಡಿದಳು, ಅವಳ ತಮ್ಮ ಮಾತ್ರ ಕಣ್ಣರಳಿಸಿ, ಹೌದಾ ಭಾವ, ಹಾಗಾದ್ರೆ ನಾಳೆ ನಾನೂ ಬರ್ತೀನಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಈಗ ನೋಡಿ, ಆ ಭಾವಮೈದುನ ಪಕ್ಕದಲ್ಲೇ ಜಿಂಕೆಮರಿಯ ಹಾಗೆ ಪುಟಿಯುತ್ತಿದ್ದಾನೆ, ಇವನ ಕಾಲುಗಳೋ ಎರಡು ಸಿಮೆಂಟಿನ ಮೂಟೆ, ಮತ್ತು ಅಗೋ ಬಂತು ಪಂಪ್‌ಹೌಸ್, ಹಸಿರು ಬಾಗಿಲಿನ ಪಂಪ್‌ಹೌಸ್, ದಿನವೂ ಓಡುವುದು ನಿಲ್ಲುವ ಜಾಗ, ನಿಲ್ಲು, ಇಲ್ಲಿಂದ ನಡಿ — ಇಲ್ಲ, ಹಾದುಹೋಯಿತು, ಹಿಂದೆ ಬಿತ್ತು.

ಡಾಕ್ಟರಮ್ಮ ಸುಮ್ಮನೆ ಹೇಳಿದ್ದಲ್ಲ. ಐವತ್ತರ ಹತ್ತಿರ ಶುರು ಮಾಡ್ತಿದ್ದೀರಿ, ಸ್ವಲ್ಪ ಓಡಿ, ಸ್ವಲ್ಪ ನಡೀರಿ, ಈ ತಿಂಗಳು ಆ ಪಂಪ್‌ಹೌಸ್‌ವರೆಗೆ ಸಾಕು, ಹೆಚ್ಚಿಸೋದು ಆಮೇಲೆ. ಓಡ್ತಾ ಓಡ್ತಾ ಪೂರ್ತಿ ಒಂದು ವಾಕ್ಯ ಮಾತಾಡೋಕೆ ಆಗ್ಬೇಕು, ಆಗದಿದ್ರೆ ನಡೀಬೇಕು. ಅವನು ನಕ್ಕಿದ್ದ, ಮಾತಾ ಡಾಕ್ಟ್ರೇ, ನಾನು ನಿದ್ದೆಯಲ್ಲೂ ಮಾತಾಡೋನು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ, ಭಾರ ಹೆಚ್ಚಾದರೆ ಲಿಫ್ಟು ಕಿರ್ರೆಂದು ಕೂಗಿಕೊಳ್ಳುತ್ತದೆ, ಬಾಗಿಲು ಹಾಕಿಕೊಳ್ಳುವುದಿಲ್ಲ, ಒಬ್ಬರು ಇಳಿಯಲೇಬೇಕು, ಮನುಷ್ಯನ ಎದೆಗೂ ಅಂಥದೊಂದು ಗಂಟೆ ಇದ್ದಿದ್ದರೆ ಅಣ್ಣ ಇವತ್ತಿಗೂ — ಬೇಡ, ಅದು ಈಗ ಬೇಡ. ಅಣ್ಣನಿಗೂ ಆಗ ಇದೇ ವಯಸ್ಸು. ಆಫೀಸಿನ ಮೆಟ್ಟಿಲು ಹತ್ತುತ್ತಿದ್ದವನು ಹಾಗೇ ಕುಸಿದ, ನಾಲ್ಕು ಜನ ಎತ್ತಿಕೊಂಡು ಇಳಿದರು, ಇವನು ಓಡಿಬಂದು ಮೆಟ್ಟಿಲು ಹತ್ತಿದಾಗ ಮೇಲೆ ಯಾರೂ ಇರಲಿಲ್ಲ, ತಿರುವಿನಲ್ಲಿ ಅಣ್ಣನ ಒಂದೇ ಒಂದು ಶೂ, ಕಂದು ಬಣ್ಣದ್ದು, ಲೇಸಿನ ಗಂಟು ಬಿಚ್ಚಿರಲಿಲ್ಲ.

ಏನ್ ಭಾವ, ಸುಮ್ನಾಗ್ಬಿಟ್ರಿ? ಭಾವಮೈದುನ ಇವನತ್ತ ಮುಖ ತಿರುಗಿಸಿ ಹಿಂದಕ್ಕೆ ಓಡುತ್ತ ನಗುತ್ತಾನೆ, ಹಿಂದಕ್ಕೆ, ದರಿದ್ರದವನು, ನೀವು ಬಾಯಿ ಮುಚ್ಚಿದ್ದು ನಾನು ನೋಡೇ ಇಲ್ಲ, ಅಕ್ಕನ ಮದುವೇಲೂ ನಿಮ್ಮದೇ ಭಾಷಣ. ಹೇಳು, ಏನಾದರೂ ಹೇಳು, ಒಂದು ವಾಕ್ಯ, ಇದೇನು ಮಹಾ ಕಣೋ ನಿಮ್ಮಕ್ಕನ್ನ ಹೊತ್ಕೊಂಡು ಓಡಿದೀನಿ ಅನ್ನು, ನಾಲಿಗೆಯ ತುದಿಯಲ್ಲಿದೆ, ಬಾಯಿ ತೆರೆದರೆ ಬರೀ ಗಾಳಿ, ಇದೇ... ಇದೇನ್... ಗಂಟೆ ಕೂಗುತ್ತಿದೆ, ಕೂಗುತ್ತಿದೆ, ಕಿವಿಯೊಳಗೆ ಧಡಧಡ, ಯಾರೋ ಒಳಗಿನಿಂದ ಕದ ಬಡಿದ ಹಾಗೆ, ಈಗ ಕೆಳಗೆ ಬಿದ್ದರೆ ಮಗಳ ಪರೀಕ್ಷೆ, ಆಸ್ಪತ್ರೆಯಲ್ಲಿ ಅರ್ಧ ಬಿಚ್ಚಿಟ್ಟ ಲಿಫ್ಟು, ಹೆಂಡತಿ ಮೆಟ್ಟಿಲಿನ ತಿರುವಿನಲ್ಲಿ ನಿಂತು — ಇಲ್ಲಿ ಮೆಟ್ಟಿಲೇ ಇಲ್ಲವಲ್ಲ — ಕಂದು ಬಣ್ಣ, ಗಂಟು.

ಕಲ್ಲುಬೆಂಚು ಅವನನ್ನು ಹಿಡಿಯಿತೋ ಅವನೇ ಬೆಂಚು ಹಿಡಿದನೋ. ಭಾವಾ! ಎದೆ ನೋಯ್ತಿದ್ಯಾ? ಕೈ ನೋಯ್ತಿದ್ಯಾ? ಹೇಳಿ! ಹುಡುಗನ ಮುಖ ಬಿಳಿಚಿಕೊಂಡಿದೆ, ಈಗಲೂ ಒಂದು ಮಾತು ಹೊಳೆಯುತ್ತಿದೆಯಲ್ಲ ಈ ಹಾಳು ತಲೆಗೆ, ನಿನ್ನ ಪರೀಕ್ಷೆ ಮಾಡಿದೆ ಕಣಯ್ಯಾ ಅಂದುಬಿಡೋಣ ಅಂತ, ಆದರೆ ಉಸಿರು ಸಾಲದು, ಸುಳ್ಳಿಗೆ ಉದ್ದದ ಉಸಿರು ಬೇಕು. ನೋವಿಲ್ಲ... ಉಸಿರು ಅಷ್ಟೇ. ಐದಲ್ಲ ಕಣೋ. ಐದಲ್ವಾ, ಮತ್ತೆ ಮೂರಾ? ಒಂದೂ ಇಲ್ಲ... ಪಂಪ್‌ಹೌಸ್‌ವರೆಗೆ... ಅದ್ರಲ್ಲೂ ಅರ್ಧ ನಡೀತೀನಿ... ನಂಗೆ ಭಯ ಕಣೋ, ದಿನಾ ಭಯ, ಶೂ ಹಾಕ್ಕೊಳ್ಳುವಾಗ್ಲೇ ಭಯ. ಹುಡುಗ ನಗುತ್ತಾನೆ ಅಂದುಕೊಂಡ, ನಗಲಿಲ್ಲ, ಮೊದ್ಲೇ ಹೇಳೋದಲ್ವಾ ಭಾವ, ನಾನೂ ನಡೀತಿದ್ದೆ, ಅನ್ನುತ್ತ ಮಂಡಿಯೂರಿ ಅವನ ಪಾದ ಹಿಡಿದ, ಶೂ ಬಿಗಿ ಇದೆ, ಸಡಿಲ ಮಾಡ್ತೀನಿ ಇರಿ, ಬೆರಳು ಲೇಸಿನ ಮೇಲೆ — ಬೇಡ, ಬಿಚ್ಚಬೇಡ ಕಣೋ, ಕಾಲಲ್ಲೇ ಇರಲಿ, ಎರಡೂ ಕಾಲಲ್ಲೇ ಇರಲಿ, ತಿರುವಿನಲ್ಲಿ ಅಣ್ಣನದು ಒಂದೇ, ಕಂದು ಬಣ್ಣದ್ದು, ಗಂಟು ಹಾಕಿದ್ದು ಹಾಕಿದ ಹಾಗೇ