ಗಾಜಿನವರು, ಪ್ಲಾಸ್ಟಿಕ್‌ನವರು

ಗಾಜಿನ ಬಾಟಲಿ ತಯಾರಕರ ಸಂಘದಲ್ಲಿ ಅವನ ಹುದ್ದೆಗೆ ‘ಸರ್ಕಾರಿ ವ್ಯವಹಾರಗಳ ಸಲಹೆಗಾರ’ ಎಂಬ ಉದ್ದನೆಯ ಹೆಸರಿತ್ತು. ಕೆಲಸ ಮಾತ್ರ ಕಾಯುವುದು. ಕೇಂದ್ರ ಸಚಿವಾಲಯದಲ್ಲಿ ಕಾರ್ಯದರ್ಶಿಯ ಬಾಗಿಲ ಮುಂದೆ, ನಗರಸಭೆಯಲ್ಲಿ ಆರೋಗ್ಯ ಸಮಿತಿಯ ಬಾಗಿಲ ಮುಂದೆ ಗಂಟೆಗಟ್ಟಲೆ ಕೂತು, ಒಳಗೆ ಕರೆದಾಗ ಗಾಜಿನ ಪರವಾಗಿ ಹೇಳಬೇಕಾದ್ದನ್ನೆಲ್ಲ ಗಡಿಬಿಡಿಯಲ್ಲಿ ಹೇಳಿ ಹೊರಬರುವುದು. ಜವಾನರು ಅವನನ್ನು ‘ಗಾಜಿನ ಸಾರ್’ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. “ಭಾವ ಸರ್ಕಾರವನ್ನೇ ಕಟ್ಟಿಕೊಂಡಿದ್ದಾರೆ, ಅದು ಮಾತಾಡಲ್ಲ” ಎಂದು ತಂಗಿಯ ಗಂಡ ತಮಾಷೆ ಮಾಡುತ್ತಿದ್ದ.

ಅದೇ ಬೆಂಚುಗಳ ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಬಾಟಲಿಯವರ ಸಂಘದ ಪರವಾಗಿ ಒಬ್ಬ ಹೆಂಗಸು ಕೂರುತ್ತಿದ್ದಳು. ಅವಳದೂ ಅದೇ ಕೆಲಸ, ಹೆಚ್ಚುಕಡಿಮೆ ಅದೇ ವಯಸ್ಸು. ಮೊದಮೊದಲು ಇಬ್ಬರೂ ಮುಖ ತಿರುಗಿಸಿ ಕೂತರು. ಆದರೆ ಸಚಿವರು ಬರುವುದಿಲ್ಲವೆಂದು ಸಂಜೆ ತಿಳಿದರೆ ನಿರಾಸೆ ಇಬ್ಬರಿಗೂ ಒಂದೇ. ಹಾಗೆ ಶುರುವಾದ ಮಾತು ವರ್ಷಗಟ್ಟಲೆ ನಡೆಯಿತು. ಅವಳ ಮಂಡಿನೋವು, ಅವನ ಮನೆಯ ಸೋರುವ ನಲ್ಲಿ, ಸಮಿತಿಯ ಅಧ್ಯಕ್ಷರು ತೂಕಡಿಸುತ್ತಲೇ ತಲೆಯಾಡಿಸುವ ರೀತಿ. ಅವಳು ಬ್ರೆಡ್ಡಿನ ಪೊಟ್ಟಣ ಬಿಚ್ಚಿದರೆ ಅರ್ಧ ಅವನ ಕಡೆ ಸರಿಸುತ್ತಿದ್ದಳು. “ತಿನ್ನಿ, ಇದು ಪ್ಲಾಸ್ಟಿಕ್ ಅಲ್ಲ” ಎನ್ನುತ್ತಿದ್ದಳು. ಇಡೀ ದಿನದಲ್ಲಿ ಅವನೊಡನೆ ನಗುವವರು ಒಬ್ಬರಿದ್ದರೆಂದರೆ ಅದು ಅವಳೇ.

ಆ ವರ್ಷ ಹೊಸ ಕಾನೂನಿನ ಕರಡು ಬಂತು. ನಗರಗಳಲ್ಲಿ ಹಾಲು, ಹಣ್ಣಿನ ರಸಗಳನ್ನು ಮರಳಿ ತುಂಬಿಸಬಹುದಾದ ಗಾಜಿನ ಬಾಟಲಿಯಲ್ಲೇ ಮಾರಬೇಕೆಂಬ ಕಾನೂನು. ಪ್ಲಾಸ್ಟಿಕ್‌ನವರು ನೇರವಾಗಿ ಬೇಡವೆನ್ನಲಿಲ್ಲ. ಕಾರ್ಖಾನೆಗಳ ಯಂತ್ರ ಬದಲಿಸಲು ಐದು ವರ್ಷ ಕಾಲಾವಕಾಶ ಕೇಳಿದರು. ಅಷ್ಟರಲ್ಲಿ ಸರ್ಕಾರ ಬದಲಾಗುತ್ತದೆ, ಕಾನೂನು ಮೂಲೆ ಸೇರುತ್ತದೆ ಎಂಬುದು ಲೆಕ್ಕ.

ಒಂದು ಮಧ್ಯಾಹ್ನ ಬೆಂಚಿನ ಮೇಲೆ ಅವಳು ತುಂಬಾ ದಣಿದಿದ್ದಳು.

“ಐದು ವರ್ಷ ಅಂತ ಹೇಳಿ ಹೇಳಿ ನಾಲಿಗೆ ಸವೆದುಹೋಯ್ತು. ಒಂದು ವರ್ಷ ಸಾಕು. ನಮ್ಮೋರಲ್ಲಿ ಇಬ್ಬರು ಆಗಲೇ ಯಂತ್ರ ತರಿಸಿ ಗೋದಾಮಿನಲ್ಲಿಟ್ಟಿದ್ದಾರೆ. ನನಗೂ ಸಾಕಾಗಿದೆ.”

“ಬಿಡಿ, ಎಲ್ಲರ ಹಣೆಬರಹವೂ ಇಷ್ಟೇ” ಎಂದ ಅವನು.

ಸ್ವಲ್ಪ ಹೊತ್ತಿಗೆ ಅವನಿಗೇ ಕರೆ ಬಂತು. ಕಾರ್ಯದರ್ಶಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತ, “ಈ ಪ್ಲಾಸ್ಟಿಕ್‌ನವರಿಗೆ ನಿಜವಾಗ್ಲೂ ಐದು ವರ್ಷ ಬೇಕೇನ್ರೀ?” ಎಂದು ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಇಂಥ ಪ್ರಶ್ನೆಗಾಗಿಯೇ ಅವನು ಇಷ್ಟು ವರ್ಷ ಕಾದಿದ್ದ. ಗೋದಾಮಿನ ವಿಷಯವೂ ಸೇರಿ ಎಲ್ಲವೂ ಬಾಯಿಂದ ಜಾರಿತು.

ಮುಂದಿನ ಸರದಿ ಅವಳದಾಗಿತ್ತು. ಹೊರಬಂದಾಗ ಅವಳ ಮುಖ ಬಿಳಚಿಕೊಂಡಿತ್ತು. ಚೀಲ ಎತ್ತಿಕೊಂಡು, ಅವನತ್ತ ನೋಡದೆ ಮೆಟ್ಟಿಲಿಳಿದು ಹೋದಳು.

ಕಾನೂನು ಒಂದೇ ವರ್ಷದ ಅವಧಿಯೊಂದಿಗೆ ಜಾರಿಯಾಯಿತು. ಗಾಜಿನ ಸಂಘದ ಅಧ್ಯಕ್ಷರು ಎಲ್ಲರೆದುರು ಅವನ ಬೆನ್ನು ತಟ್ಟಿದರು. ಸಂಜೆ ತಂಗಿಗೆ ಫೋನು ಮಾಡಿದ. “ಒಳ್ಳೇದಾಯ್ತು ಅಣ್ಣ. ಒಲೆ ಮೇಲೆ ಸಾರು ಇಟ್ಟು ಬಂದಿದ್ದೀನಿ, ಆಮೇಲೆ ನಾನೇ ಫೋನ್ ಮಾಡ್ತೀನಿ” ಎಂದಳು. ಮಾಡಲಿಲ್ಲ. ಮರೆತಿರಬೇಕು.

ಬೆಂಚಿನ ಆ ತುದಿಗೆ ಈಗ ಒಬ್ಬ ಯುವಕ ಬರುತ್ತಿದ್ದ. ಕಿವಿಯಲ್ಲಿ ಸದಾ ಇಯರ್‌ಫೋನ್. ಒಮ್ಮೆ ಗಾಜಿನ ಸಾರ್ ತಾನಾಗಿಯೇ, “ಸಚಿವರು ಇವತ್ತೂ ಬರೋ ಹಾಗಿಲ್ಲ ಅನ್ಸುತ್ತೆ” ಎಂದ. ಯುವಕ ಒಂದು ಕಿವಿಯದನ್ನು ತೆಗೆದು “ಏನ್ ಸಾರ್?” ಎಂದು, ಉತ್ತರಕ್ಕೆ ಕಾಯದೆ ಮತ್ತೆ ಸಿಕ್ಕಿಸಿಕೊಂಡ. ಆಮೇಲೆ ಕೆಲವು ತಿಂಗಳು ಗಾಜಿನ ಸಾರ್ ಪ್ರತಿದಿನ ಊಟದ ಹೊತ್ತಿಗೆ ಎದ್ದು ಹೋಗಿ ಕಾರಿಡಾರಿನ ಕೊನೆಯಲ್ಲಿ ನಿಂತುಕೊಂಡೇ ತಿಂದ.

ಕೊನೆಗೆ ಹಿರಿಯ ಜವಾನನನ್ನು ಕೇಳಿದ. “ಆ ಮೇಡಂ ಈಗ ಅವರ ಚಿಕ್ಕಮ್ಮನ ಪರದೆ ಅಂಗಡೀಲಿದ್ದಾರೆ. ಗುಟ್ಟು ಬಿಟ್ಟುಕೊಟ್ರು ಅಂತ ಸಂಘದೋರು ತೆಗೆದುಹಾಕಿದ್ರು” ಎಂದ ಜವಾನ.

ಅಂಗಡಿ ಕಿರಿದಾಗಿತ್ತು. ಗೋಡೆಯುದ್ದಕ್ಕೂ ಬಟ್ಟೆಯ ಸುರುಳಿಗಳು. ಅವಳು ಮೊಳದ ಕೋಲು ಹಿಡಿದು ನಿಂತಿದ್ದಳು. ಅವನನ್ನು ಕಂಡು ಬೆಚ್ಚಲಿಲ್ಲ.

“ಬನ್ನಿ. ಏನು ಬೇಕಿತ್ತು?”

“ಪರದೆ” ಎಂದ.

“ಕಿಟಕಿ ಅಳತೆ ತಂದಿದ್ದೀರಾ?”

“ಇಲ್ಲ. ನಾನು ಹಾಗೆ ಮಾಡಬಾರದಿತ್ತು. ಅವರು ಕೇಳಿದ್ರು, ನಾನು ಹೇಳಿಬಿಟ್ಟೆ. ನನ್ನ ಕೆಲಸಾನೇ ಅದಲ್ವಾ ಅಂದ್ಕೊಂಡೆ” ಎಂದ.

“ಕೆಲಸ ಸರಿಯಾಗೇ ಮಾಡಿದ್ರಿ. ಕಾನೂನೂ ಒಳ್ಳೇದೇ. ನಮ್ಮನೇಲೂ ಈಗ ಗಾಜಿನ ಬಾಟಲೀಲೇ ಹಾಲು ಬರುತ್ತೆ.” ಅವಳು ಬಟ್ಟೆಯ ಅಂಚನ್ನು ನೇವರಿಸಿ ಸರಿಮಾಡಿದಳು. “ಆದ್ರೆ ಆ ದಿನ ನಾನು ಸಂಘದವಳಾಗಿ ಮಾತಾಡಿರಲಿಲ್ಲ. ನೀವು ಗಾಜಿನವರಾಗಿ ಕೇಳಿಸ್ಕೊಳ್ತಿದ್ದೀರಿ ಅಂತ ನನಗೆ ಗೊತ್ತಿರಲಿಲ್ಲ.”

“ಆವಾಗ ಹಾಗೆ ಕೇಳಿಸ್ಕೊಂಡಿರಲಿಲ್ಲ.”

“ಇರಬಹುದು. ಈಗ ಅದನ್ನ ಹೇಗೆ ತಿಳ್ಕೊಳ್ಳೋದು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಮಾಧಾನ ಮಾಡಬಹುದಿತ್ತು.

“ಅಳತೆ ತಗೊಂಡು ಬನ್ನಿ, ಪರದೆ ಕೊಡ್ತೀನಿ. ಹರಟೆ ಮಾತ್ರ ಬೇಡ” ಎಂದಳು.

ಭಾನುವಾರ ಕುರ್ಚಿ ಹತ್ತಿ ಕಿಟಕಿಗಳನ್ನು ಅಳೆದ. ಮರುದಿನವೇ ಹೋದ. ಅವಳೇ ಬಟ್ಟೆ ಆರಿಸಿ, ಕತ್ತರಿಸಿ, ಮಡಚಿ ಕಟ್ಟಿಕೊಟ್ಟಳು. ಬಿಸಿಲಿಗೆ ಬಣ್ಣ ಹೋಗುವುದಿಲ್ಲ ಎಂದಳು, ಚಿಲ್ಲರೆ ಕೊಟ್ಟಳು, ಮುಂದಿನ ಗಿರಾಕಿಯತ್ತ ತಿರುಗಿದಳು. ಆಮೇಲೆ ಆ ಅಂಗಡಿಗೆ ಹೋಗಲು ಅವನಿಗೆ ನೆಪ ಉಳಿಯಲಿಲ್ಲ. ಅವನ ಮನೆಗೆ ಇದ್ದದ್ದೇ ಎರಡು ಕಿಟಕಿ.