ಮೊದಲು ತಿಂಗಳು

"ನಿನ್ನ ತಮ್ಮನ್ನ ಬಿಟ್ಟು ತಿಂಗಳಾಗ್ತಾ ಬಂತಲ್ಲಮ್ಮ. ಈಗ ಬಂದು ಕೇಳ್ತಿದ್ದೀಯಾ?" ಎಂದ ಜೈಲಿನ ವಿಚಾರಣೆ ಕಿಟಕಿಯ ಗುಮಾಸ್ತ, ಬಿಡುಗಡೆ ರಿಜಿಸ್ಟರಿನ ಹಾಳೆ ತಿರುವಿ ನೋಡಿ.

ಹೊರಗೆ ನಿಂತವಳು ಹೊಲಿಗೆ ಕೆಲಸದ ಹೆಂಗಸು. ತಾಯಿ ಸತ್ತಮೇಲೆ ತಮ್ಮನನ್ನು ಎತ್ತಿ ಆಡಿಸಿ ಸಾಕಿದವಳು. "ಫೋನಲ್ಲಿ ನೀವೇ ಹೇಳಿದ್ರಲ್ಲಣ್ಣ, ಏಪ್ರಿಲ್ ಮೂರು ಅಂತ. ಇವತ್ತೇ ಅಲ್ವಾ?"

ಗುಮಾಸ್ತನ ಹಿಂದೆ ಕೂತಿದ್ದ ಕಂಪ್ಯೂಟರಿನವನು ಟೈಪ್ ಮಾಡುವುದನ್ನು ನಿಲ್ಲಿಸಿದ. ಕೇಂದ್ರ ಕಚೇರಿಯ ಪರದೆಯಂತೆ ತಮ್ಮದೂ ಕಾಣಬೇಕೆಂದು ಸಾಹೇಬರು ಹಟ ಹಿಡಿದಾಗ, ಡೇಟಾಬೇಸಿನಲ್ಲಿ ತಾರೀಕು ತೋರಿಸುವ ಕ್ರಮ ಬದಲಿಸಿದವನು ಅವನೇ. ಒಂದು ಸಾಲಿನ ಕೆಲಸ. ಅಂದಿನಿಂದ ಪರದೆಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಕಿಟಕಿಯವನಿಗೆ ಹೇಳಬೇಕು ಅಂದುಕೊಂಡಿದ್ದ. ನಾಳೆ, ನಾಡಿದ್ದು ಎನ್ನುತ್ತಾ ಮರೆತೇ ಬಿಟ್ಟಿದ್ದ. ಬಿಡುಗಡೆಯ ದಿನ ಮಾರ್ಚ್ ನಾಲ್ಕು, 03/04 ಎಂದು ಕಂಡಿತ್ತು. ಗುಮಾಸ್ತ ರೂಢಿಯಂತೆ ದಿನ ಮೊದಲೆಂದು ಓದಿ ಹೇಳಿದ್ದ.

ಮಾತು ಕೇಳಿ ಸಾಹೇಬರು ಒಳಕೋಣೆಯಿಂದ ಬಂದರು. ಪರದೆ ನೋಡಿದರು, ಕಂಪ್ಯೂಟರಿನವನ ಮುಖ ನೋಡಿದರು. ಅಷ್ಟರಲ್ಲೇ ಅವರಿಗೆ ಅರ್ಥವಾಯಿತು.

"ಒಳಗೆ ಇರೋ ತಾರೀಕು ಸರಿಯಾಗಿದೆಯೋ ಇಲ್ವೋ?"

"ಒಳಗೆ ಸರಿಯಾಗೇ ಇದೆ ಸಾರ್. ತೋರಿಸೋದು ಮಾತ್ರ..."

"ಕೇಳಿದ್ದಕ್ಕೆ ಉತ್ತರ ಕೊಡು. ಸರಿಯಾಗಿದೆಯಾ?"

"ಸರಿಯಾಗಿದೆ" ಎಂದ ಅವನು, ಮೇಜು ನೋಡುತ್ತಾ.

"ಕೇಳಿಸ್ಕೊಂಡ್ಯಾ? ನಮ್ಮಲ್ಲಿ ತಪ್ಪಿಲ್ಲ" ಎಂದರು ಸಾಹೇಬರು ಅವಳಿಗೆ.

ಅವಳು ಜಗಳವಾಡಲಿಲ್ಲ. "ಅವನು ಕಾದನಾ?" ಎಂದಷ್ಟೇ ಕೇಳಿದಳು.

ಬಾಗಿಲ ಕಾವಲಿನವನು ಆಕಳಿಸಿದ. "ಸಂಜೆವರೆಗೂ ಆ ಗೋಡೆ ಹತ್ರಾನೇ ಕೂತಿದ್ದ. ಬಸ್ ಬಂದಾಗೆಲ್ಲ ಎದ್ದು ನಿಲ್ಲೋನು. ಕೊನೆಗೆ ನಾನೇ ಹೇಳ್ದೆ, ಜೈಲಿಂದ ಬಂದೋನು ಯಾರಿಗೆ ಬೇಕಪ್ಪ, ಅಕ್ಕನಿಗೂ ಸಾಕಾಗಿರ್ಬೇಕು ಅಂತ. ಹೌದು ಅಂತ ತಲೆ ಆಡಿಸಿ ಹೋದ."

"ಯಾವ ಕಡೆ?"

"ನಾನ್ಯಾಕೆ ನೋಡ್ಲಿ?"

ಗುಮಾಸ್ತ ಕಿಸಕ್ಕೆಂದ. ಕಿಟಕಿಯ ಕಂಬಿ ಹಿಡಿದಿದ್ದ ಅವಳು, ಸಾಲಿನಲ್ಲಿ ಹಿಂದೆ ನಿಂತವನು ಗೊಣಗಿದ ಮೇಲೆ ಸರಿದಳು.

"ತಿಂಗಳನ್ನ ಅಕ್ಷರದಲ್ಲಿ ಬರೋ ಹಾಗೆ ಮಾಡಿಬಿಡು. ಇನ್ನೊಬ್ಬಳು ಬಂದು ತಲೆ ತಿನ್ನೋದು ಬೇಡ" ಎಂದು ಸಾಹೇಬರು ಒಳಗೆ ಹೋದರು.

ಕಂಪ್ಯೂಟರಿನವನು ಮಾಡಿದ. ಕಾಫಿ ಆರುವಷ್ಟರಲ್ಲಿ ಮುಗಿಯಿತು. ಎಲ್ಲ ತಾರೀಕುಗಳೂ ಕನ್ನಡಿಯಷ್ಟು ಸ್ಪಷ್ಟವಾಗಿ ಮೂಡಿದವು. ಎದ್ದು ಹೋಗಿ ಅವಳಿಗೆ ನಿಜ ಹೇಳೋಣವೆಂದು ಕುರ್ಚಿ ಹಿಂದಕ್ಕೆ ತಳ್ಳಿದ. ಒಳಗೆ ಸಾಹೇಬರು ಕೆಮ್ಮಿದರು. ಮತ್ತೆ ಕೂತ.

ಕಿಟಕಿಯಾಚೆ ಅವಳು ಬೀದಿಯ ಅಂಗಡಿಯವನನ್ನು ಏನೋ ಕೇಳುತ್ತಿದ್ದಳು. ತಮ್ಮನ ಎತ್ತರ ತೋರಿಸಲು ಕೈ ಎತ್ತಿದಳು. ಇಷ್ಟು ವರ್ಷ ಅವನನ್ನು ಭೇಟಿ ಕೋಣೆಯ ಗಾಜಿನಾಚೆ ಕೂತಿದ್ದಾಗ ಮಾತ್ರ ಕಂಡಿದ್ದಳು. ಕೈ ಅವಳ ಕಿವಿಯ ಮಟ್ಟಕ್ಕೆ ನಿಂತಿತು. ಯೋಚಿಸಿ ಸ್ವಲ್ಪ ಮೇಲೆ ಹೋಯಿತು. ಮತ್ತೆ ಕೆಳಗಿಳಿಯಿತು.